ಕಂಪ್ಯೂಟರ್ ಆಧಾರಿತ ದೂರವಾಣಿ ಉತ್ತರ ವ್ಯವಸ್ಥೆಯಲ್ಲಿ ಧ್ವನಿ ಡ್ರೈವರ್ ದೋಷ: ಪತ್ತೆ ಮತ್ತು ಪರಿಹಾರದ ಸಮಗ್ರ ಮಾರ್ಗದರ್ಶಿ

ಗೋಕರ್ಣ, ಮುರ್ಡೇಶ್ವರಗಳ ಲಾಡ್ಜ್‌ಗಳಿರಲಿ, ಶಿರಸಿಯ ಅಡಿಕೆ ವಖಾರಿಗಳಿರಲಿ, ಕುಮಟಾ–ಅಂಕೋಲೆಯ ದವಾಖಾನೆಗಳಿರಲಿ, ಫೋನ್ ಎತ್ತುವುದಕ್ಕೆಂದೇ ದಿನವಿಡೀ ಒಬ್ಬರನ್ನು ಕೂರಿಸುವುದು ಸಣ್ಣ ವ್ಯವಹಾರಕ್ಕೆ ಆಗದ ಮಾತು. ಅದಕ್ಕಾಗಿ ಲ್ಯಾಂಡ್‌ಲೈನನ್ನು ವಾಯ್ಸ್ ಮೋಡೆಮ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಕರೆ ಬಂದಾಗ ಸ್ವಾಗತ ಸಂದೇಶ ಕೇಳಿಸುವ, ಕರೆ ಮಾಡಿದವರ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವ ವ್ಯವಸ್ಥೆಯನ್ನು ಹಲವರು ಇಟ್ಟುಕೊಂಡಿದ್ದಾರೆ. ಶಿರಸಿಯ ಕಡೆ ಸಂಜೆಯ ಹೊತ್ತು ರಾಶಿ, ಚಾಲಿ, ಬೆಟ್ಟೆ ಅಡಿಕೆಯ ಧಾರಣೆಯನ್ನು ಇದೇ ವಿಧಾನದಿಂದ ಹೇಳಿಸಬಹುದು. ತೋಟದಿಂದ ಮನೆಗೆ ಬಂದ ಬೆಳೆಗಾರರು ಯಾರನ್ನೂ ಕಾಯದೆ ಒಂದು ಕರೆಯಲ್ಲಿ ಕೇಳಿಕೊಳ್ಳುತ್ತಾರೆ.

ಇಂಥ ವ್ಯವಸ್ಥೆ ಕೆಟ್ಟಾಗ ಬರುವ ದೂರು ಬಹುಮಟ್ಟಿಗೆ ಮೂರು ಬಗೆಯದು. ಕರೆ ಮಾಡಿದವರಿಗೆ ಏನೂ ಕೇಳಿಸುವುದಿಲ್ಲ. ಅಥವಾ ಅವರಿಗೆ ಸಂದೇಶ ಕೇಳಿಸುತ್ತದೆ, ಆದರೆ ಅವರ ಮಾತು ಇಲ್ಲಿ ರೆಕಾರ್ಡ್ ಆಗುವುದಿಲ್ಲ. ಅಥವಾ ಸಂದೇಶ ಕೇಳಿಸುವುದು, ಮಾತು ರೆಕಾರ್ಡ್ ಆಗುವುದು ಎರಡೂ ಆಗುತ್ತವೆ, ಧ್ವನಿ ಮಾತ್ರ ಒಡೆದು ಗೊರಗುಟ್ಟುತ್ತದೆ. ಮೂರಕ್ಕೂ ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: ‘ಡ್ರೈವರ್ ಹೋಗಿದೆ’ (ಡ್ರೈವರ್ ಎಂದರೆ ಒಂದು ಸಾಧನವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್). ಹಾಗೆ ಹೇಳಿ ಇದ್ದ ಡ್ರೈವರನ್ನು ತೆಗೆದು ಮತ್ತೊಂದನ್ನು ಹಾಕಿದರೆ ಹಲವು ಸಲ ಇದ್ದ ದೋಷ ಇದ್ದಲ್ಲೇ ಉಳಿದು, ಸರಿಯಾಗಿದ್ದ ಸೆಟ್ಟಿಂಗ್‌ಗಳೂ ಅಳಿಸಿಹೋಗುತ್ತವೆ. ಧ್ವನಿ ಹಾದುಹೋಗುವ ದಾರಿಯಲ್ಲಿ ಅದು ಎಲ್ಲಿ ನಿಂತಿದೆ ಎಂಬುದನ್ನು ಗುರುತಿಸದೆ ಡ್ರೈವರಿಗೆ ಕೈ ಹಚ್ಚಬಾರದು. ಈ ಕಾರಣದಿಂದ ಡ್ರೈವರ್ ಮರುಸ್ಥಾಪನೆಯ ಭಾಗವನ್ನು ಇಲ್ಲಿ ಕೊನೆಗೆ ತಂದಿದ್ದೇನೆ. ವಿವರಣೆಯೆಲ್ಲ ವಿಂಡೋಸ್ 10 ಮತ್ತು 11ನ್ನು ಗಮನದಲ್ಲಿಟ್ಟುಕೊಂಡಿದೆ. ಆಜ್ಞೆಗಳನ್ನೂ ಮೆನು ಹೆಸರುಗಳನ್ನೂ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಧ್ವನಿಗೆ ಎರಡು ದಾರಿಗಳಿವೆ

ಈ ವ್ಯವಸ್ಥೆಯಲ್ಲಿ ಧ್ವನಿ ಸಾಧನ ಒಂದಲ್ಲ, ಎರಡು. ಒಂದು, ಕಂಪ್ಯೂಟರಿನ ಸೌಂಡ್ ಕಾರ್ಡ್. ಸ್ಪೀಕರ್ ಮತ್ತು ಮೈಕ್ ಇದಕ್ಕೆ ಸೇರಿವೆ. ಇನ್ನೊಂದು, ವಾಯ್ಸ್ ಮೋಡೆಮ್ಮಿನ ಒಳಗೇ ಇರುವ ಧ್ವನಿ ಸಾಧನ. ಇದು ಮಾತನ್ನು ನೇರವಾಗಿ ದೂರವಾಣಿ ತಂತಿಗೆ ಕಳಿಸುತ್ತದೆ, ತಂತಿಯಿಂದ ತೆಗೆದುಕೊಳ್ಳುತ್ತದೆ. ಮೋಡೆಮ್ ಆಧಾರಿತ ವ್ಯವಸ್ಥೆಯಲ್ಲಿ ಕರೆ ನಡೆಯುವಾಗ ಸೌಂಡ್ ಕಾರ್ಡಿಗೆ ಕೆಲಸವೇ ಇಲ್ಲ. ಸ್ವಾಗತ ಸಂದೇಶವನ್ನು ಮೈಕಿನಲ್ಲಿ ಹೇಳಿ ತುಂಬಿಸುವಾಗ, ಬಂದ ಸಂದೇಶಗಳನ್ನು ಆಮೇಲೆ ಸ್ಪೀಕರಿನಲ್ಲಿ ಕೇಳುವಾಗ ಮಾತ್ರ ಅದು ಬೇಕು. ‘ಯೂಟ್ಯೂಬ್ ಚೆನ್ನಾಗಿ ಕೇಳಿಸುತ್ತದೆ, ಆದರೂ ಫೋನಿನಲ್ಲಿ ಧ್ವನಿಯಿಲ್ಲ’ ಎಂಬ ಮಾತಿನಲ್ಲಿ ಯಾವ ವಿಚಿತ್ರವೂ ಇಲ್ಲ; ಎರಡರ ಡ್ರೈವರುಗಳೂ ಬೇರೆ, ದಾರಿಗಳೂ ಬೇರೆ.

ಕೆಲವರು ಮೋಡೆಮ್ಮಿನ ಬದಲು ದೂರವಾಣಿ ತಂತಿಯನ್ನು ಸೌಂಡ್ ಕಾರ್ಡಿನ ಮೈಕ್ ಮತ್ತು ಸ್ಪೀಕರ್ ರಂಧ್ರಗಳಿಗೆ ಜೋಡಿಸುವ ಸಣ್ಣ ಪೆಟ್ಟಿಗೆಯನ್ನೋ, ಯುಎಸ್‌ಬಿ ಧ್ವನಿ ಸಾಧನವಿರುವ ಪೆಟ್ಟಿಗೆಯನ್ನೋ ಬಳಸುತ್ತಾರೆ. ಅಲ್ಲಿ ಇಡೀ ಮಾತು ವಿಂಡೋಸ್‌ನ ಸಾಮಾನ್ಯ ಧ್ವನಿ ವ್ಯವಸ್ಥೆಯ ಮೂಲಕವೇ ಹೋಗುತ್ತದೆ. ನಿಮ್ಮದು ಯಾವುದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಉತ್ತರ ನೀಡುವ ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ತೆರೆದು, ‘ಲೈನ್’ ಅಥವಾ ‘ಡಿವೈಸ್’ ಎಂಬಲ್ಲಿ ಯಾವ ಹೆಸರಿದೆ ಎಂದು ಓದಿ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಹೆಜ್ಜೆಗಳಲ್ಲಿ ಆ ಕಾಗದ ಬೇಕಾಗುತ್ತದೆ.

ಕಂಪ್ಯೂಟರ್ ಮುಟ್ಟುವ ಮೊದಲು ತಂತಿಯನ್ನು ನೋಡಿ

ಮೋಡೆಮ್ಮಿಗೆ ಹಾಕಿದ ದೂರವಾಣಿ ತಂತಿಯನ್ನು ಬಿಚ್ಚಿ, ಅದೇ ತುದಿಯನ್ನು ಒಂದು ಸಾದಾ ಫೋನಿಗೆ ಸಿಕ್ಕಿಸಿ. ಡಯಲ್ ಟೋನ್ ಸ್ವಚ್ಛವಾಗಿ ಬರುತ್ತದೆಯೇ, ಒಂದು ಕರೆ ಮಾಡಿದರೆ ಎರಡೂ ಕಡೆಯ ಮಾತು ಸರಿಯಾಗಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ. ಫೋನಿನಲ್ಲೇ ಕರಕರ ಸದ್ದಿದ್ದರೆ ಯಾವ ಡ್ರೈವರೂ ಅದನ್ನು ನಿಲ್ಲಿಸಲಾರದು.

ನಮ್ಮ ಕರಾವಳಿಯಲ್ಲಿ ಈ ಹೆಜ್ಜೆಗೆ ಹೆಚ್ಚಿನ ಮಹತ್ವವಿದೆ. ಕಾರವಾರದ ಬೈತಖೋಲ, ಕೋಡಿಬಾಗದಂಥ ಸಮುದ್ರಕ್ಕೆ ಹತ್ತಿದ ಜಾಗಗಳಲ್ಲಿ ಉಪ್ಪುಗಾಳಿಗೆ ಪ್ಲಗ್ಗಿನ ಲೋಹದ ಪಟ್ಟಿಗಳು ಬೇಗ ಮಸುಕಾಗುತ್ತವೆ. ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ ನಡುವಿನ ಎರಡು ಪಟ್ಟಿಗಳ ಅಂಚಿನಲ್ಲಿ ಹಸಿರು ಪುಡಿ ಕಟ್ಟಿರುವುದು ಕಾಣುತ್ತದೆ. ಮಾತು ಹೋಗುವುದು ಆ ನಡುವಿನ ಎರಡು ತಂತಿಗಳಲ್ಲಿ. ಹಸಿರು ಕಟ್ಟಿದ ಪ್ಲಗ್ ಸ್ವಲ್ಪ ಅಲುಗಿದರೂ ಸಂಪರ್ಕ ತಪ್ಪಿ ಕೂಡುತ್ತದೆ, ರೆಕಾರ್ಡಿಂಗಿನಲ್ಲಿ ಅದು ಮಾತು ತುಂಡಾದಂತೆ ಕೇಳುತ್ತದೆ, ನೋಡಿದವರು ಡ್ರೈವರನ್ನು ಅನುಮಾನಿಸುತ್ತಾರೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಸಣ್ಣ ಬ್ರಶ್ಶಿನಿಂದ ಸಾಕೆಟ್ಟಿನ ಮುಳ್ಳುಗಳನ್ನು ಒರೆಸಬಹುದು, ಆದರೆ ಪ್ಲಗ್ಗನ್ನು ಕತ್ತರಿಸಿ ಹೊಸದನ್ನು ಹಾಕಿಸುವುದೇ ಲೇಸು. ಸಾದಾ ತಾಮ್ರದ ಲೈನಿನಲ್ಲಿ, ಫೋನ್ ಇಟ್ಟಿರುವಾಗ, ಮಲ್ಟಿಮೀಟರಿನಲ್ಲಿ ಸುಮಾರು 48 ವೋಲ್ಟ್ ಡಿಸಿ ತೋರಿಸಬೇಕು. ಮೀಟರ್ ಹಚ್ಚಿದಾಗಲೇ ಕರೆ ಬಂದರೆ ರಿಂಗಿನ ವೋಲ್ಟೇಜ್ ಇದಕ್ಕಿಂತ ಬಹಳ ಹೆಚ್ಚಿರುತ್ತದೆ, ಬರಿಗೈಯಲ್ಲಿ ತಂತಿ ಹಿಡಿಯಬೇಡಿ.

ಅದೇ ತಾಮ್ರದ ಲೈನಿನಲ್ಲಿ ಹಳೆಯ ಬ್ರಾಡ್‌ಬ್ಯಾಂಡ್ ಕೂಡ ಬರುತ್ತಿದ್ದರೆ ಮೋಡೆಮ್ಮಿನ ಮುಂದೆ ಫಿಲ್ಟರ್ ಇದೆಯೇ ನೋಡಿ. ಫಿಲ್ಟರ್ ಇಲ್ಲದಿದ್ದರೆ ಹಿನ್ನೆಲೆಯಲ್ಲಿ ಸದಾ ಸುಯ್ಯೆನ್ನುವ ಸದ್ದಿರುತ್ತದೆ.

ಮೋಡೆಮ್ಮಿಗೆ ಮಾತನಾಡಲು ಬರುತ್ತದೆಯೇ?

ಇದು ಅನೇಕರು ಬಿಟ್ಟುಬಿಡುವ ಪರೀಕ್ಷೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ 56ಕೆ ಯುಎಸ್‌ಬಿ ಮೋಡೆಮ್ಮುಗಳಲ್ಲಿ ಹಲವಕ್ಕೆ ಡೇಟಾ ಮತ್ತು ಫ್ಯಾಕ್ಸ್ ಮಾತ್ರ ಗೊತ್ತು, ವಾಯ್ಸ್ ಗೊತ್ತಿಲ್ಲ. ಡಬ್ಬಿಯ ಮೇಲೆ ಏನು ಬರೆದಿದೆ ಎಂಬುದನ್ನು ನಂಬಬೇಕಾಗಿಲ್ಲ, ಮೋಡೆಮ್ಮನ್ನೇ ಕೇಳಬಹುದು.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಫೋನ್ ಅಂಡ್ ಮೋಡೆಮ್’ ತೆರೆಯಿರಿ. ಮೊದಲ ಸಲ ತೆರೆದಾಗ ದೇಶ ಮತ್ತು ಏರಿಯಾ ಕೋಡ್ ಕೇಳುತ್ತದೆ. ಭಾರತವನ್ನೇ ಆರಿಸಿ, ಕಾರವಾರಕ್ಕೆ 8382, ಶಿರಸಿಗೆ 8384 ಎಂದು ಕೊಡಿ. ‘ಮೋಡೆಮ್ಸ್’ ಹಾಳೆಯಲ್ಲಿ ನಿಮ್ಮ ಮೋಡೆಮ್ಮನ್ನು ಆರಿಸಿ, ‘ಪ್ರಾಪರ್ಟೀಸ್’ ಒತ್ತಿ, ‘ಡಯಾಗ್ನಾಸ್ಟಿಕ್ಸ್’ ಹಾಳೆಯಲ್ಲಿ ‘ಕ್ವೆರಿ ಮೋಡೆಮ್’ ಗುಂಡಿ ಒತ್ತಿ. ಆಗ ವಿಂಡೋಸ್ ಕೆಲವು ಆಜ್ಞೆಗಳನ್ನು ಕಳಿಸಿ ಬಂದ ಉತ್ತರಗಳನ್ನು ಪಟ್ಟಿಯಾಗಿ ತೋರಿಸುತ್ತದೆ. ಅದರಲ್ಲಿ ‘ಎಟಿ+ಎಫ್‌ಕ್ಲಾಸ್=?’ ಎಂಬ ಸಾಲನ್ನು ಹುಡುಕಿ. ಎದುರಿಗೆ ‘0,1,8’ ಎಂಬಂತೆ ಅಂಕಿಗಳಿರುತ್ತವೆ. 0 ಎಂದರೆ ಡೇಟಾ, 1 ಎಂದರೆ ಫ್ಯಾಕ್ಸ್, 8 ಎಂದರೆ ವಾಯ್ಸ್. ಆ ಪಟ್ಟಿಯಲ್ಲಿ 8 ಇಲ್ಲವೆಂದಾದರೆ ಈ ಮಾರ್ಗದರ್ಶಿಯ ಉಳಿದ ಭಾಗ ಆ ಮೋಡೆಮ್ಮಿಗೆ ಅನ್ವಯವಾಗುವುದಿಲ್ಲ, ಬೇರೆ ಮೋಡೆಮ್ ತರಬೇಕು. ಪಟ್ಟಿಯೇ ಬಾರದೆ ‘ಪೋರ್ಟ್ ತೆರೆಯಲಾಗಲಿಲ್ಲ’ ಎಂಬರ್ಥದ ಸಂದೇಶ ಬಂದರೆ ಉತ್ತರ ನೀಡುವ ಸಾಫ್ಟ್‌ವೇರ್ ಆ ಪೋರ್ಟನ್ನು, ಅಂದರೆ ಕಂಪ್ಯೂಟರ್ ಮೋಡೆಮ್ಮಿನೊಂದಿಗೆ ವ್ಯವಹರಿಸುವ ದಾರಿಯನ್ನು, ಹಿಡಿದುಕೊಂಡಿದೆ ಎಂದರ್ಥ. ಅದನ್ನು ಪೂರ್ತಿ ಮುಚ್ಚಿ ಮತ್ತೆ ಪ್ರಯತ್ನಿಸಿ.

ಇಲ್ಲಿ 8 ಇದೆ, ಆದರೂ ಸಾಫ್ಟ್‌ವೇರಿನಲ್ಲಿ ವಾಯ್ಸ್ ಸಾಧನ ಕಾಣುವುದಿಲ್ಲ ಎಂದಾದರೆ ದೋಷ ನಿಜವಾಗಿಯೂ ಡ್ರೈವರಿನದು, ಮತ್ತು ಅದರ ಗುರುತು ಸುಲಭ. ಡಿವೈಸ್ ಮ್ಯಾನೇಜರಿನಲ್ಲಿ (ಕಂಪ್ಯೂಟರಿನ ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್ ಕಿಟಕಿ) ಮೋಡೆಮ್ಮಿನ ಹೆಸರು ತಯಾರಕರ ಹೆಸರಿನೊಂದಿಗೆ ಇರದೆ ‘ಸ್ಟ್ಯಾಂಡರ್ಡ್ 56000 ಬಿಪಿಎಸ್ ಮೋಡೆಮ್’ ಎಂದಿದೆಯೇ ನೋಡಿ. ಸರಿಯಾದ ಡ್ರೈವರ್ ಸಿಗದಾಗ ವಿಂಡೋಸ್ ಈ ಸಾಮಾನ್ಯ ಡ್ರೈವರಿನಿಂದ ಕೆಲಸ ಸಾಗಿಸುತ್ತದೆ. ಅದರಿಂದ ಮೋಡೆಮ್ ರಿಂಗನ್ನು ಗುರುತಿಸುತ್ತದೆ, ಕರೆಯನ್ನು ಎತ್ತುತ್ತದೆ, ಡಯಲ್ ಕೂಡ ಮಾಡುತ್ತದೆ, ಮಾತು ಮಾತ್ರ ಹೊರಡುವುದಿಲ್ಲ, ಏಕೆಂದರೆ ವಾಯ್ಸ್ ಸಾಧನವನ್ನು ಸೃಷ್ಟಿಸುವ ವಿವರಗಳು ಅದರಲ್ಲಿಲ್ಲ. ತಯಾರಕರ ಡ್ರೈವರ್ ಸರಿಯಾಗಿ ಕೂತಾಗ ‘ಸೌಂಡ್, ವಿಡಿಯೊ ಅಂಡ್ ಗೇಮ್ ಕಂಟ್ರೋಲರ್ಸ್’ ಗುಂಪಿನ ಕೆಳಗೆ ‘ಯೂನಿಮೋಡೆಮ್ ಹಾಫ್-ಡ್ಯೂಪ್ಲೆಕ್ಸ್ ಆಡಿಯೊ ಡಿವೈಸ್’ ಅಥವಾ ಅಂಥದೇ ಹೆಸರಿನ ಇನ್ನೊಂದು ಸಾಧನ ಕಾಣಿಸಿಕೊಳ್ಳುವುದುಂಟು. ಇದು ಸ್ಪೀಕರ್ ಸೆಟ್ಟಿಂಗಿನ ಸಾಮಾನ್ಯ ಕಿಟಕಿಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ, ಸಾಧಾರಣವಾಗಿ ಅಲ್ಲಿ ಕಾಣುವುದೂ ಇಲ್ಲ. ಹಾಫ್-ಡ್ಯೂಪ್ಲೆಕ್ಸ್ ಎಂದರೆ ಒಂದು ಸಲಕ್ಕೆ ಒಂದೇ ಕೆಲಸ: ಸಂದೇಶ ಕೇಳಿಸುವಾಗ ರೆಕಾರ್ಡ್ ಮಾಡುವುದಿಲ್ಲ. ಬೀಪ್ ಬರುವ ಮೊದಲೇ ಮಾತನಾಡಿದವರ ಮೊದಲ ಶಬ್ದಗಳು ರೆಕಾರ್ಡ್ ಆಗದಿರುವುದು ಈ ಗುಣದಿಂದ, ಕೆಟ್ಟ ಡ್ರೈವರಿನಿಂದಲ್ಲ.

ಡಿವೈಸ್ ಮ್ಯಾನೇಜರ್ ಹೇಳುವ ಸಂಖ್ಯೆಗಳು

ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿದ್ದರೆ ಆ ಸಾಧನದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ‘ಡಿವೈಸ್ ಸ್ಟೇಟಸ್’ ಓದಿ. ಕೋಡ್ 28 ಎಂದರೆ ಡ್ರೈವರೇ ಇಲ್ಲ. ಕೋಡ್ 22 ಎಂದರೆ ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ, ‘ಎನೇಬಲ್’ ಒತ್ತಿದರೆ ಸಾಕು. ಕೋಡ್ 52 ಡ್ರೈವರಿನ ಡಿಜಿಟಲ್ ಸಹಿಗೆ ಸಂಬಂಧಿಸಿದ್ದು. ಹಳೆಯ ಸಿಡಿಯಲ್ಲಿ ಬಂದ ಡ್ರೈವರನ್ನು 64 ಬಿಟ್ ವಿಂಡೋಸ್‌ಗೆ ಹಾಕಿದಾಗ ಬರುತ್ತದೆ. ಸಹಿಯ ಪರಿಶೀಲನೆಯನ್ನೇ ಆಫ್ ಮಾಡಿ ಡ್ರೈವರ್ ಓಡಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಹಗಲು-ರಾತ್ರಿ ತೆರೆದಿರುವ, ಗಿರಾಕಿಗಳ ಸಂದೇಶಗಳಿರುವ ಯಂತ್ರದಲ್ಲಿ ಅದನ್ನು ನಾನು ಒಪ್ಪುವುದಿಲ್ಲ. ಕೋಡ್ 10 ಮತ್ತು 43 ಹೆಚ್ಚು ಕಾಡುವಂಥವು. 10 ಎಂದರೆ ಸಾಧನ ಪ್ರಾರಂಭವಾಗಲಿಲ್ಲ, 43 ಎಂದರೆ ಸಾಧನವೇ ತನಗೆ ತೊಂದರೆಯಾಗಿದೆ ಎಂದು ತಿಳಿಸಿದೆ. ಎರಡರಲ್ಲೂ ಮೊದಲು ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಹಿಂದಿನ ರಂಧ್ರಕ್ಕೆ ಸಿಕ್ಕಿಸಿ ನೋಡಿ. ಆಮೇಲೆ ಬೇರೊಂದು ಕಂಪ್ಯೂಟರಿಗೆ ಹಾಕಿ. ಅಲ್ಲಿಯೂ 43 ಬಂದರೆ ಮೋಡೆಮ್ಮೇ ಸುಟ್ಟಿರುವ ಸಂಭವ ಹೆಚ್ಚು. ಗುಡುಗು-ಸಿಡಿಲಿನ ಮಳೆಯ ನಂತರ ಇದು ಅಪರೂಪವೇನಲ್ಲ, ಏಕೆಂದರೆ ಸಿಡಿಲಿನ ಹೊಡೆತ ಕರೆಂಟಿನ ತಂತಿಯಿಂದ ಬರುವಂತೆ ಫೋನಿನ ತಂತಿಯಿಂದಲೂ ಬರುತ್ತದೆ.

ಸಾಧನ ಸರಿಯಿದೆ, ಸಾಫ್ಟ್‌ವೇರ್ ಬೇರೆಡೆ ನೋಡುತ್ತಿದೆ

ನನ್ನ ತಿಳಿವಳಿಕೆಯಲ್ಲಿ ‘ಡ್ರೈವರ್ ಹೋಗಿದೆ’ ಎನ್ನುವ ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಗೆ ಸೇರುತ್ತದೆ. ಆದ್ದರಿಂದ ಇಲ್ಲಿ ಸಾವಕಾಶವಾಗಿ ನೋಡಿ.

ಲಾಡ್ಜ್ ಒಂದರ ಕೌಂಟರನ್ನು ಗುಡಿಸುವಾಗ ಯಾರೋ ಯುಎಸ್‌ಬಿ ತಂತಿಯನ್ನು ಕಿತ್ತು ಪಕ್ಕದ ರಂಧ್ರಕ್ಕೆ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಮೋಡೆಮ್ಮಿನ ದೀಪ ಹತ್ತುತ್ತದೆ, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿಲ್ಲ. ಆದರೆ ವಿಂಡೋಸ್ ಅನೇಕ ಸಾಧನಗಳನ್ನು ರಂಧ್ರದ ಲೆಕ್ಕದಲ್ಲಿ ಗುರುತಿಟ್ಟುಕೊಳ್ಳುವುದರಿಂದ, ಪಕ್ಕದ ರಂಧ್ರದಲ್ಲಿರುವುದನ್ನು ಹೊಸ ಸಾಧನವೆಂದು ತಿಳಿದು, ಹೆಸರಿನ ಕೊನೆಗೆ ‘#2’ ಸೇರಿಸಿ, ಕಾಮ್ 3 ಇದ್ದ ಪೋರ್ಟಿಗೆ ಕಾಮ್ 5 ಎಂಬಂತೆ ಹೊಸ ಸಂಖ್ಯೆ ಕೊಡುತ್ತದೆ. ಯುಎಸ್‌ಬಿ ಧ್ವನಿ ಪೆಟ್ಟಿಗೆಯಾದರೆ ಹೆಸರಿನ ಮುಂದೆ ‘2-’ ಎಂಬುದು ಅಂಟಿಕೊಳ್ಳುತ್ತದೆ. ಸಾಫ್ಟ್‌ವೇರ್ ಮಾತ್ರ ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ಅದು ಸಿಗದಾಗ ಕೆಲವು ಸಾಫ್ಟ್‌ವೇರ್‌ಗಳು ದೋಷ ತೋರಿಸುತ್ತವೆ, ಕೆಲವು ಸದ್ದಿಲ್ಲದೆ ಡೀಫಾಲ್ಟ್ ಸಾಧನಕ್ಕೆ, ಅಂದರೆ ಮೇಜಿನ ಸ್ಪೀಕರಿಗೆ ಹೋಗಿಬಿಡುತ್ತವೆ. ಆಗ ಕರೆ ಬಂದಾಗಲೆಲ್ಲ ಸ್ವಾಗತ ಸಂದೇಶ ಕೌಂಟರಿನಲ್ಲಿ ಮೊಳಗುತ್ತದೆ, ಕರೆ ಮಾಡಿದವರಿಗೆ ಮೌನ. ಇಂಥ ಮೊಳಗು ಕೇಳಿದರೆ ಡ್ರೈವರಿನ ಸುದ್ದಿಗೇ ಹೋಗಬೇಡಿ. ಸಾಫ್ಟ್‌ವೇರಿನಲ್ಲಿ ಸರಿಯಾದ ಸಾಧನವನ್ನು ಮತ್ತೆ ಆರಿಸಿದರೆ ಮುಗಿಯಿತು. ಮೊದಲು ಬರೆದಿಟ್ಟ ಕಾಗದದ ಹೆಸರನ್ನೂ ಈಗ ಡಿವೈಸ್ ಮ್ಯಾನೇಜರ್ ತೋರಿಸುವ ಹೆಸರನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ. ಡಿವೈಸ್ ಮ್ಯಾನೇಜರಿನ ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿದರೆ ಹಳೆಯ ರಂಧ್ರದ ನೆರಳುಗಳು ಮಸುಕಾಗಿ ಕಾಣುತ್ತವೆ, ಅವನ್ನು ಆರಿಸಿ ಅನ್‌ಇನ್‌ಸ್ಟಾಲ್ ಮಾಡಬಹುದು.

ಎರಡನೆಯ ಬಲೆ ರಿಮೋಟ್ ಡೆಸ್ಕ್‌ಟಾಪ್. ಶಿರಸಿಯ ವಖಾರಿಯ ಕಂಪ್ಯೂಟರನ್ನು ಮಾಲೀಕರು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತೆರೆದು ನೋಡುವುದು ಈಗ ಸಾಮಾನ್ಯ. ಹಾಗೆ ಒಳಗೆ ಹೋದಾಗ ವಿಂಡೋಸ್ ಆ ಸೆಷನ್ನಿನ ಧ್ವನಿಯನ್ನು ದೂರದ ಕಂಪ್ಯೂಟರಿಗೆ ತಿರುಗಿಸುತ್ತದೆ. ಸಾಧನಗಳ ಪಟ್ಟಿಯಲ್ಲಿ ಇದ್ದ ಸೌಂಡ್ ಕಾರ್ಡ್ ಮಾಯವಾಗಿ ‘ರಿಮೋಟ್ ಆಡಿಯೊ’ ಎಂಬುದಷ್ಟೇ ಉಳಿಯುತ್ತದೆ. ಸೌಂಡ್ ಕಾರ್ಡ್ ಮೂಲಕ ನಡೆಯುವ ಉತ್ತರ ವ್ಯವಸ್ಥೆ ಆ ಕ್ಷಣದಿಂದ ಮೂಕ. ಸಂಪರ್ಕ ಜೋಡಿಸುವ ಮುನ್ನ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯ ‘ಲೋಕಲ್ ರಿಸೋರ್ಸಸ್’ ಹಾಳೆಯಲ್ಲಿ ಧ್ವನಿಯ ಸೆಟ್ಟಿಂಗ್ಸ್ ತೆರೆದು ‘ಪ್ಲೇ ಆನ್ ರಿಮೋಟ್ ಕಂಪ್ಯೂಟರ್’ ಆರಿಸಬೇಕು. ಕೆಲಸ ಮುಗಿಸಿ ಹೊರಬಂದ ಮೇಲೆ ಒಂದು ಪರೀಕ್ಷಾ ಕರೆ ಮಾಡುವುದು ಕಡ್ಡಾಯವೆಂದೇ ತಿಳಿಯಿರಿ.

ಸಂದೇಶದ ಫೈಲಿನ ಸ್ವರೂಪ

ದೂರವಾಣಿಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಹೋಗುತ್ತದೆ. ಆದ್ದರಿಂದ ದೂರವಾಣಿ ಜಗತ್ತು ಸೆಕೆಂಡಿಗೆ 8000 ಮಾದರಿಗಳ ಲೆಕ್ಕದಲ್ಲಿ ನಡೆಯುತ್ತದೆ. ವಾಯ್ಸ್ ಮೋಡೆಮ್ಮಿಗೆ ಬೇಕಾದದ್ದು 8000 ಹರ್ಟ್ಸ್, 16 ಬಿಟ್, ಮೊನೊ (ಒಂದೇ ಚಾನೆಲ್), ಪಿಸಿಎಂ (ಕುಗ್ಗಿಸದ) ಸ್ವರೂಪದ ವೇವ್ ಫೈಲ್. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿಕೊಂಡ ಫೈಲನ್ನು ನೇರವಾಗಿ ಹಾಕಿದರೆ ಸಾಫ್ಟ್‌ವೇರ್ ಅದನ್ನು ತಿರಸ್ಕರಿಸಬಹುದು. 44100 ಅಥವಾ 48000 ಹರ್ಟ್ಸ್‌ನ ಸ್ಟೀರಿಯೊ ಫೈಲನ್ನು ಪರಿವರ್ತಿಸದೆ ಕಳಿಸುವ ಸಾಫ್ಟ್‌ವೇರ್ ಆದರೆ ಮಾತು ಎಳೆದೆಳೆದು ದಪ್ಪ ದನಿಯಲ್ಲಿ ಬರುತ್ತದೆ. ವೇಗ ತಪ್ಪಿದ ಧ್ವನಿ ಎಂದರೆ ಸ್ವರೂಪದ ದೋಷ, ನೆನಪಿಡಿ.

ಅಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಫೈಲನ್ನು ತೆರೆದು, ಎರಡು ಚಾನೆಲ್‌ಗಳನ್ನು ಒಂದು ಮಾಡಿ, 8000 ಹರ್ಟ್ಸ್‌ಗೆ ಇಳಿಸಿ, 16 ಬಿಟ್ ಪಿಸಿಎಂ ವೇವ್ ಆಗಿ ಉಳಿಸಿ. ಸರಿಯಾಯಿತೇ ಎಂದು ಫೈಲಿನ ಗಾತ್ರದಿಂದಲೇ ತಿಳಿಯಬಹುದು: ಒಂದು ನಿಮಿಷದ ಮಾತು 9,60,000 ಬೈಟ್‌ಗಳ ಆಸುಪಾಸಿನಲ್ಲಿರಬೇಕು. ಮಾತಿನ ಮೊದಲು ಅರ್ಧ ಸೆಕೆಂಡಿನಷ್ಟು ಮೌನ ಬಿಡಿ. ಮೋಡೆಮ್ ಕರೆ ಎತ್ತಿ ವಾಯ್ಸ್ ಸ್ಥಿತಿಗೆ ಬರಲು ತುಸು ಹೊತ್ತು ತೆಗೆದುಕೊಳ್ಳುತ್ತದೆ. ಆ ಮೌನ ಇಲ್ಲದಿದ್ದರೆ ‘ನಮಸ್ಕಾರ’ದ ತಲೆ ಹೋಗಿ ‘ಸ್ಕಾರ’ವಷ್ಟೇ ಕೇಳಿಸುತ್ತದೆ. ದನಿಯ ಮಟ್ಟವನ್ನು ಪೂರ್ತಿ ತುದಿಗೆ ಏರಿಸಬೇಡಿ, ಕಿವಿಗೆ ಸ್ವಲ್ಪ ಕಡಿಮೆ ಎನಿಸಿದರೂ ಲೈನಿನಲ್ಲಿ ಅದೇ ಸ್ವಚ್ಛವಾಗಿ ಹೋಗುತ್ತದೆ. ಶಕಾರ-ಸಕಾರಗಳ ತೀಕ್ಷ್ಣತೆ ಫೋನಿನಲ್ಲಿ ಕುಂದುವುದು ಸಹಜ, ಅವುಗಳ ಹೆಚ್ಚಿನ ಶಕ್ತಿ ಇರುವುದೇ 3400 ಹರ್ಟ್ಸ್‌ನ ಮೇಲೆ. ಇದನ್ನು ಸರಿಪಡಿಸಲು ಡ್ರೈವರ್ ಬದಲಿಸುವುದು ವ್ಯರ್ಥ. ಅಡಿಕೆ ಧಾರಣೆಯಂಥ ಅಂಕಿಗಳನ್ನು ಓದುವವರು ನಿಧಾನವಾಗಿ ಎರಡು ಸಲ ಓದಿದರೆ ಸಾಕು.

ರೆಕಾರ್ಡಿಂಗ್ ಇದೆ, ಅದರಲ್ಲಿ ಮಾತಿಲ್ಲ

ಫೈಲ್ ಸೃಷ್ಟಿಯಾಗಿದೆ, ಗಾತ್ರವೂ ಇದೆ, ಆದರೆ ಒಳಗೆ ಬರೀ ಮೌನ. ಮೋಡೆಮ್ ದಾರಿಯಲ್ಲಿ ಹೀಗಾದರೆ ಮೊದಲು ಸಾಫ್ಟ್‌ವೇರಿನ ರೆಕಾರ್ಡಿಂಗ್ ಸಾಧನ ಮೋಡೆಮ್ಮಿನದೇ ಹೌದೇ ಎಂದು ನೋಡಿ. ಕೇಳಿಸುವ ಸಾಧನ ಮತ್ತು ರೆಕಾರ್ಡ್ ಮಾಡುವ ಸಾಧನವನ್ನು ಬೇರೆ ಬೇರೆಯಾಗಿ ಆರಿಸುವ ಸಾಫ್ಟ್‌ವೇರ್‌ಗಳಲ್ಲಿ ಒಂದು ಸರಿಯಿದ್ದು ಇನ್ನೊಂದು ತಪ್ಪಿರುವುದು ಸಾಧ್ಯ. ಕೌಂಟರಿನಲ್ಲಿ ಆಡಿದ ಮಾತು ಸಂದೇಶವಾಗಿ ರೆಕಾರ್ಡ್ ಆಗಿದ್ದರೆ ಮೇಜಿನ ಮೈಕ್ ಆಯ್ಕೆಯಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ನಿಮ್ಮದೇ ಸ್ವಾಗತ ಸಂದೇಶ ಮತ್ತೆ ರೆಕಾರ್ಡ್ ಆಗಿದ್ದರೆ ‘ಸ್ಟೀರಿಯೊ ಮಿಕ್ಸ್’ (ಕಂಪ್ಯೂಟರ್ ಹೊರಡಿಸುವ ಧ್ವನಿಯನ್ನೇ ರೆಕಾರ್ಡ್ ಮಾಡುವ ಸಾಧನ) ಆಯ್ಕೆಯಾಗಿದೆ.

ಸೌಂಡ್ ಕಾರ್ಡ್ ದಾರಿಯವರು ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ‘ಮೈಕ್ರೊಫೋನ್’ ತೆರೆಯಬೇಕು. ಅಲ್ಲಿ ಮೇಲಿನ ಸ್ವಿಚ್ಚಿನ ಜೊತೆಗೆ, ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆಂದೇ ಇನ್ನೊಂದು ಸ್ವಿಚ್ ಇದೆ. ಅದು ಆಫ್ ಆಗಿದ್ದರೆ ಸಾಫ್ಟ್‌ವೇರಿಗೆ ಮಾತು ತಲಪುವುದಿಲ್ಲ, ನೋಡುವವರಿಗೆ ಡ್ರೈವರ್ ಕೆಟ್ಟಂತೆಯೇ ಕಾಣುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಇದನ್ನು ಮತ್ತೆ ನೋಡುವುದು ಒಳ್ಳೆಯದು.

ನಂತರ ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ ‘ಎಂಎಂಸಿಸ್.ಸಿಪಿಎಲ್’ ಟೈಪ್ ಮಾಡಿದರೆ ಹಳೆಯ ಸೌಂಡ್ ಕಿಟಕಿ ತೆರೆಯುತ್ತದೆ (ಅಕ್ಷರಗಳು: ಎಂ, ಎಂ, ಎಸ್, ವೈ, ಎಸ್, ಚುಕ್ಕೆ, ಸಿ, ಪಿ, ಎಲ್). ರೆಕಾರ್ಡಿಂಗ್ ಹಾಳೆಯಲ್ಲಿ ಸಾಧನವನ್ನು ತೆರೆದು, ಮಟ್ಟ ಮ್ಯೂಟ್ ಆಗಿಲ್ಲ ಎಂದು ಖಚಿತಪಡಿಸಿಕೊಂಡು, ‘ಎನ್ಹಾನ್ಸ್‌ಮೆಂಟ್ಸ್’ ಇದ್ದರೆ ಎಲ್ಲವನ್ನೂ ಆಫ್ ಮಾಡಿ. ಗದ್ದಲ ತಗ್ಗಿಸುವ, ಪ್ರತಿಧ್ವನಿ ಅಳಿಸುವ ಸೌಕರ್ಯಗಳು ವಿಡಿಯೊ ಕರೆಗೆ ಚೆನ್ನ. ಫೋನ್ ಲೈನಿನ ಮೆಲುದನಿಯನ್ನು ಅವು ಗದ್ದಲವೆಂದೇ ತಿಳಿದು ಅಳಿಸಿಹಾಕುವುದುಂಟು. ‘ಅಡ್ವಾನ್ಸ್ಡ್’ ಹಾಳೆಯಲ್ಲಿ ಬೇರೆ ಪ್ರೋಗ್ರಾಮ್‌ಗಳು ಸಾಧನವನ್ನು ಪೂರ್ತಿ ತಮ್ಮ ವಶಕ್ಕೆ ತೆಗೆದುಕೊಳ್ಳಲು ಬಿಡುವ ಗುರುತನ್ನು ತೆಗೆಯಿರಿ. ‘ಕಮ್ಯುನಿಕೇಶನ್ಸ್’ ಹಾಳೆಯಲ್ಲಿ ‘ಡು ನಥಿಂಗ್’ ಆರಿಸಿ. ಹಾಗೇ ಬಿಟ್ಟರೆ ಕರೆ ನಡೆಯುತ್ತಿದೆ ಎಂದು ವಿಂಡೋಸ್‌ಗೆ ತೋರಿದಾಗ ಉಳಿದ ಧ್ವನಿಗಳನ್ನು ಶೇ. 80ರಷ್ಟು ತಗ್ಗಿಸುತ್ತದೆ, ನಿಮ್ಮ ಸ್ವಾಗತ ಸಂದೇಶವೂ ಆ ‘ಉಳಿದ ಧ್ವನಿ’ಯಲ್ಲಿ ಸೇರಿಬಿಡಬಹುದು.

ಸರ್ವಿಸಸ್ ಪಟ್ಟಿಯಲ್ಲಿ ‘ವಿಂಡೋಸ್ ಆಡಿಯೊ’, ‘ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್’ ಎರಡೂ ಓಡುತ್ತಿರಬೇಕು. ಮೋಡೆಮ್ ಇರುವವರಿಗೆ ‘ಟೆಲಿಫೋನಿ’ ಸರ್ವಿಸ್ ಕೂಡ ಬೇಕು. ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆಂದು ಹೇಳುವ ಪ್ರೋಗ್ರಾಮ್‌ಗಳು ಬೇಡದ ಸರ್ವಿಸ್ ಎಂದು ಅದನ್ನು ಆಫ್ ಮಾಡಿರಬಹುದು.

ಮಾತು ಮುಗಿದರೂ ರೆಕಾರ್ಡಿಂಗ್ ಮುಗಿಯದಿದ್ದರೆ

ಕರೆ ಮಾಡಿದವರು ಫೋನ್ ಇಟ್ಟ ಮೇಲೂ ನಿಮಿಷಗಟ್ಟಲೆ ಟೂಂ ಟೂಂ ಸದ್ದು ರೆಕಾರ್ಡ್ ಆಗುತ್ತಿದ್ದರೆ ಮೋಡೆಮ್ ಬೇರೊಂದು ದೇಶದ ಲೆಕ್ಕದಲ್ಲಿ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಭಾರತದ ಬ್ಯುಸಿ ಟೋನ್ 400 ಹರ್ಟ್ಸ್‌ನದು, 0.75 ಸೆಕೆಂಡ್ ಸದ್ದು, ಅಷ್ಟೇ ಮೌನ. ಅಮೆರಿಕದ್ದು 480 ಮತ್ತು 620 ಹರ್ಟ್ಸ್ ಬೆರೆತದ್ದು, ಅರ್ಧರ್ಧ ಸೆಕೆಂಡಿನದು. ಅಮೆರಿಕದ ಸೆಟ್ಟಿಂಗಿನಲ್ಲಿರುವ ಮೋಡೆಮ್ ನಮ್ಮ ಟೋನನ್ನು ಮಾತೆಂದೇ ಭಾವಿಸಿ ಕಾಯುತ್ತ ಕೂರುತ್ತದೆ, ಅಷ್ಟು ಹೊತ್ತೂ ಲೈನ್ ಬೇರೆಯವರಿಗೆ ಸಿಗುವುದಿಲ್ಲ. ‘ಕ್ವೆರಿ ಮೋಡೆಮ್’ ಪಟ್ಟಿಯಲ್ಲಿ ‘ಎಟಿ+ಜಿಸಿಐ?’ ಎಂಬ ಸಾಲಿನ ಉತ್ತರ ನೋಡಿ. ಬಿ5 ಎಂದರೆ ಅಮೆರಿಕ, 53 ಎಂದರೆ ಭಾರತ. ಮೋಡೆಮ್ಮಿನ ಪ್ರಾಪರ್ಟೀಸ್‌ನಲ್ಲಿ ‘ಅಡ್ವಾನ್ಸ್ಡ್’ ಹಾಳೆಯಲ್ಲಿ ದೇಶವನ್ನು ಬದಲಿಸಲು ಅವಕಾಶವಿದ್ದರೆ ಅಲ್ಲೇ ಬದಲಿಸಿ. ಇಲ್ಲದಿದ್ದರೆ ಅದೇ ಹಾಳೆಯ ‘ಎಕ್ಸ್‌ಟ್ರಾ ಇನಿಶಿಯಲೈಸೇಶನ್ ಕಮಾಂಡ್ಸ್’ ಜಾಗದಲ್ಲಿ ‘ಎಟಿ+ಜಿಸಿಐ=53’ ಎಂದು ಬರೆಯಿರಿ. ಇದರ ಜೊತೆಗೆ ಸಾಫ್ಟ್‌ವೇರಿನಲ್ಲಿ ಒಂದು ಸಂದೇಶಕ್ಕೆ ಗರಿಷ್ಠ ಅವಧಿಯನ್ನೂ ನಿಗದಿ ಮಾಡಿ.

ಒಡೆದ ಧ್ವನಿ, ಗುಂಯ್ ಸದ್ದು

ಮಾತು ಅಲ್ಲಲ್ಲಿ ತುಂಡಾಗುತ್ತಿದ್ದು ಸಾದಾ ಫೋನಿನಲ್ಲಿ ಲೈನ್ ಸ್ವಚ್ಛವಿದ್ದರೆ, ಕಂಪ್ಯೂಟರ್ ಸಕಾಲಕ್ಕೆ ಧ್ವನಿಯನ್ನು ಒದಗಿಸುತ್ತಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ‘ಯುಎಸ್‌ಬಿ ರೂಟ್ ಹಬ್’ನ ಪವರ್ ಹಾಳೆಯನ್ನು ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಲು ಬಿಡುವ ಗುರುತನ್ನು ತೆಗೆಯಿರಿ, ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ನಿಲ್ಲಿಸಿ, ಕಂಪ್ಯೂಟರ್ ನಿದ್ರೆಗೆ ಹೋಗದಂತೆ ಮಾಡಿ. ರಾತ್ರಿಯ ಮೊದಲ ಕರೆಯಲ್ಲಿ ಮಾತ್ರ ತೊಂದರೆ, ಮುಂದಿನವು ಸರಿ ಎಂಬ ದೂರಿಗೆ ಮದ್ದು ಇದೇ. ವೈಫೈ ಡ್ರೈವರ್ ಕೂಡ ಧ್ವನಿಯನ್ನು ತಡೆಯಬಲ್ಲದು: ವೈಫೈ ಆಫ್ ಮಾಡಿ ಕರೆ ಮಾಡಿದಾಗ ಸರಿಹೋದರೆ ಬದಲಿಸಬೇಕಾದದ್ದು ಆ ಡ್ರೈವರನ್ನು.

ಗುಂಯ್ ಎನ್ನುವ ಸದ್ದು ಸಾಮಾನ್ಯವಾಗಿ 50 ಹರ್ಟ್ಸ್ ಕರೆಂಟಿನದು, ಮತ್ತು ಅರ್ಥಿಂಗ್ ಸರಿಯಿಲ್ಲದ ಕಟ್ಟಡಗಳಲ್ಲಿ ಬರುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಕರೆಯಬೇಕಾದದ್ದು ಎಲೆಕ್ಟ್ರಿಶಿಯನ್ನನ್ನು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಗುಂಡಿ ದುರ್ಬಲವಾಗುವುದನ್ನು ಅವರಿಗೆ ಹೇಳಬೇಕಾಗಿಲ್ಲ.

ಈಗ ಡ್ರೈವರ್ ಮರುಸ್ಥಾಪನೆ

ಮೇಲಿನವೆಲ್ಲ ಸರಿಯಿದ್ದೂ ದೋಷ ಉಳಿದರೆ, ಅಥವಾ ಮೋಡೆಮ್ ‘ಸ್ಟ್ಯಾಂಡರ್ಡ್’ ಎಂದೇ ಕಾಣುತ್ತಿದ್ದರೆ, ಡ್ರೈವರ್ ಬದಲಿಸುವ ಸರದಿ. ಇತ್ತೀಚೆಗೆ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಮೊದಲು ಸಾಧನದ ‘ಡ್ರೈವರ್’ ಹಾಳೆಯಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ನೋಡಿ. ಅದು ಮಸುಕಾಗಿದ್ದರೆ ಹಿಂದಿನ ಆವೃತ್ತಿ ಉಳಿದಿಲ್ಲ.

ಹೊಸದನ್ನು ಹಾಕುವ ಮೊದಲು ಸಿಸ್ಟಂ ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ, ತಯಾರಕರ ಜಾಲತಾಣದಿಂದ ನಿಮ್ಮ ಮಾದರಿಯ 64 ಬಿಟ್ ಡ್ರೈವರನ್ನು ಮುಂಚಿತವಾಗಿಯೇ ಇಳಿಸಿಕೊಳ್ಳಿ. ‘ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಡ್ರೈವರ್’ ಎನ್ನುವ ಪ್ರೋಗ್ರಾಮ್‌ಗಳಿಂದ ದೂರವಿರಿ. ಆಮೇಲೆ ಇಂಟರ್ನೆಟ್ ಸಂಪರ್ಕ ಕಡಿದು (ಇಲ್ಲದಿದ್ದರೆ ನೀವು ತೆಗೆದ ಕೂಡಲೇ ವಿಂಡೋಸ್ ತನಗೆ ತೋಚಿದ್ದನ್ನು ತಂದು ಹಾಕುತ್ತದೆ) ಡಿವೈಸ್ ಮ್ಯಾನೇಜರಿನಲ್ಲಿ ಮೋಡೆಮ್ಮನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಗ ಬರುವ ಕಿಟಕಿಯಲ್ಲಿ ಡ್ರೈವರ್ ಫೈಲುಗಳನ್ನೂ ಅಳಿಸುವ ಗುರುತು ಹಾಕುವುದನ್ನು ಮರೆತರೆ ಅದೇ ಕೆಟ್ಟ ಡ್ರೈವರ್ ಮರಳಿ ಬಂದು ಕೂರುತ್ತದೆ. ಮೋಡೆಮ್ ಕಿತ್ತು, ಕಂಪ್ಯೂಟರ್ ಮರುಪ್ರಾರಂಭಿಸಿ, ತಯಾರಕರು ಹೇಳಿದ ಕ್ರಮದಲ್ಲಿ ಹೊಸ ಡ್ರೈವರ್ ಹಾಕಿ. ಕೆಲವಕ್ಕೆ ಸೆಟಪ್ ಮೊದಲು, ತಂತಿ ಆಮೇಲೆ. ವಿಂಡೋಸ್ ತಾನಾಗಿ ‘ಸ್ಟ್ಯಾಂಡರ್ಡ್’ ಮೋಡೆಮ್ ಎಂದೇ ಗುರುತಿಸಿದರೆ ‘ಅಪ್‌ಡೇಟ್ ಡ್ರೈವರ್’ ಒತ್ತಿ, ಕಂಪ್ಯೂಟರಿನಲ್ಲೇ ಹುಡುಕುವ ಆಯ್ಕೆಯಿಂದ ಹೋಗಿ, ‘ಹ್ಯಾವ್ ಡಿಸ್ಕ್’ ಮೂಲಕ ನೀವು ಇಳಿಸಿಕೊಂಡ ಫೋಲ್ಡರನ್ನು ತೋರಿಸಿ.

ಹಳೆಯ ಕಂಪ್ಯೂಟರಿನ ಒಳಗೇ ಕೂತ ಅಗೀರ್ (Agere) ಚಿಪ್ಪಿನ ಮೋಡೆಮ್ ಇರುವವರು ಒಂದು ವಿಷಯ ತಿಳಿದಿರಬೇಕು. ವಿಂಡೋಸ್ ಜೊತೆಗೇ ಬರುತ್ತಿದ್ದ ಅದರ ಡ್ರೈವರಿನಲ್ಲಿ ಭದ್ರತಾ ದೋಷ ಕಂಡುಬಂದ ಕಾರಣ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ ಅಪ್‌ಡೇಟಿನಲ್ಲಿ ಆ ಡ್ರೈವರನ್ನೇ ತೆಗೆದುಹಾಕಿತು. ಅಲ್ಲಿಂದೀಚೆಗೆ ಅದನ್ನು ನೆಚ್ಚಿದ ಮೋಡೆಮ್ ಕೆಲಸ ಮಾಡುವುದಿಲ್ಲ. ಹಳೆಯ ಫೈಲನ್ನು ಎಲ್ಲಿಂದಲೋ ತಂದು ಕೂರಿಸುವ ಬದಲು, ಎಲ್ಲ ಕೆಲಸವನ್ನೂ ತನ್ನೊಳಗೇ ಮಾಡಿಕೊಳ್ಳುವ, ಡ್ರೈವರನ್ನು ಅಷ್ಟಾಗಿ ನೆಚ್ಚದ ಹಾರ್ಡ್‌ವೇರ್ ಮೋಡೆಮ್ ಕೊಳ್ಳುವುದು ಮೇಲು.

ಫೈಬರ್ ಮತ್ತು ಇಂಟರ್ನೆಟ್ ಲೈನ್ ಇರುವವರಿಗೆ

ತಾಮ್ರದ ಬದಲು ಫೈಬರ್ ಬಂದ ಕಡೆ ಫೋನಿನ ತಂತಿ ಗೋಡೆಯ ಮೇಲಿನ ಓಎನ್‌ಟಿ ಪೆಟ್ಟಿಗೆಯಿಂದ (ಫೈಬರ್ ಬಂದು ಕೊನೆಗೊಳ್ಳುವ ಸಾಧನ) ಹೊರಡುತ್ತದೆ. ವಾಯ್ಸ್ ಮೋಡೆಮ್ಮನ್ನು ಅದಕ್ಕೆ ಜೋಡಿಸಬಹುದು, ಆದರೆ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದ ವಿದ್ಯುತ್ ಬರುತ್ತಿದ್ದಂತೆ ಇದಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಕಂಪ್ಯೂಟರಿಗೆ ಯುಪಿಎಸ್ ಇದ್ದರೂ ಫೋನ್ ಸತ್ತಿರುತ್ತದೆ, ಓಎನ್‌ಟಿಯನ್ನೂ ಯುಪಿಎಸ್ಸಿಗೆ ಸೇರಿಸಿ. ಮೋಡೆಮ್ಮೇ ಇಲ್ಲದೆ ಸಿಪ್ ಖಾತೆಯಿಂದ (ಇಂಟರ್ನೆಟ್ ಮೂಲಕ ಫೋನ್ ಕರೆ ನಡೆಸುವ ಖಾತೆ) ಉತ್ತರಿಸುವ ವ್ಯವಸ್ಥೆಯಾದರೆ ಧ್ವನಿ ನೆಟ್‌ವರ್ಕ್ ಮೂಲಕವೇ ಓಡಾಡುತ್ತದೆ. ಅಲ್ಲಿ ಒಂದೇ ಕಡೆಯ ಮಾತು ಕೇಳಿಸಿದರೆ ರೌಟರ್ ಮತ್ತು ಫೈರ್‌ವಾಲನ್ನು ನೋಡಬೇಕು, ಧ್ವನಿ ಡ್ರೈವರನ್ನಲ್ಲ.

ಸರಿಹೋದ ಮೇಲೆ

ಮೊಬೈಲಿನಿಂದ ಪರೀಕ್ಷಾ ಕರೆ ಮಾಡಿ, ಸಂದೇಶವನ್ನು ಕೊನೆಯವರೆಗೆ ಕೇಳಿ, ಬೀಪ್ ಆದ ಮೇಲೆ ಒಂದರಿಂದ ಇಪ್ಪತ್ತರವರೆಗೆ ಎಣಿಸಿ ಫೋನ್ ಇಡಿ. ರೆಕಾರ್ಡಿಂಗಿನಲ್ಲಿ ಯಾವ ಸಂಖ್ಯೆಯೂ ತಪ್ಪಿರಬಾರದು, ಇಪ್ಪತ್ತರ ನಂತರ ಬ್ಯುಸಿ ಟೋನ್ ಉದ್ದಕ್ಕೆ ಇರಬಾರದು. ಕೆಲಸ ಮಾಡುವ ಡ್ರೈವರಿನ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿ, ಕಾಮ್ ಪೋರ್ಟ್ ಸಂಖ್ಯೆ ಮತ್ತು ಡ್ರೈವರ್ ಆವೃತ್ತಿಯನ್ನು ಬರೆದ ಚೀಟಿಯನ್ನು ಮೋಡೆಮ್ಮಿಗೆ ಅಂಟಿಸಿ, ಅದನ್ನು ಸಿಕ್ಕಿಸಿದ ಯುಎಸ್‌ಬಿ ರಂಧ್ರಕ್ಕೂ ಬಣ್ಣದ ಟೇಪಿನ ಗುರುತು ಹಾಕಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಪಾಯಿಂಟಿನ ಜೊತೆಗೆ ಫೋನಿನ ತಂತಿಯನ್ನೂ ಮೋಡೆಮ್ಮಿನಿಂದ ಬಿಚ್ಚಿಡಿ. ಮತ್ತೆ ಸಿಕ್ಕಿಸುವಾಗ ‘ಲೈನ್’ ಎಂದು ಬರೆದ ರಂಧ್ರಕ್ಕೇ ಹಾಕಿ, ಪಕ್ಕದ ‘ಫೋನ್’ ರಂಧ್ರ ಮೇಜಿನ ಮೇಲಿನ ಫೋನಿಗೆ ಮೀಸಲು.